ಕವಿಚಕ್ರವರ್ತಿ ರನ್ನನು

ಪಂಪ, ಪೊನ್ನ, ರನ್ನ ಎಂಬ ಮೂವರು ಕವಿಗಳನ್ನು ಕನ್ನಡ ಸಾಹಿತ್ಯದ ರತ್ನತ್ರಯರೆಂದು ಕರೆಯುವ ವಾಡಿಕೆಯುಂಟು. ಈ ಮಾತನ್ನು ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯೂ ತಡವರಿಸದೆ ಹೇಳಬಲ್ಲಳು. ಆದರೆ ಆ ಮೂವರಲ್ಲಿ ಕಡೆಯವನಾದ ರನ್ನನು ನಮ್ಮ ಮಹಾಲಿಂಗಪುರದ ನೆರೆಯವನೆಂದೂ, ಅವನು ಅರಮನೆಯಲ್ಲಿ ಹುಟ್ಟದೆ ಬಳೆ ಮಾರುವವರ ಮನೆಯಲ್ಲಿ ಹುಟ್ಟಿದನೆಂದೂ, ಅವನ ದೊಡ್ಡ ಕಾವ್ಯಗಳಲ್ಲಿ ಎರಡು ಉಳಿದು ಎರಡು ಅಳಿದುಹೋದುವೆಂದೂ ಹೇಳಿದರೆ ಅನೇಕರು ಆಶ್ಚರ್ಯಪಡುವರು. ಆದಕಾರಣ ಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ ಆ ಮಹಾಕವಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಬರೆಯಲು ನಾವು ಅಪೇಕ್ಷಿಸಿದ್ದೇವೆ. ವಾಚಕರು ಇದನ್ನು ಓದುವಾಗ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ಬಳೆಗಾರರ ಮಗನಿಗೆ ಕಾವ್ಯದ ಅತಿ ಕಠಿಣವಾದ ರೂಪಗಳು ಹೇಗೆ ವಶವಾದುವು? ಅವನು ಬರೆದುದರಲ್ಲಿ ಉಳಿದದ್ದು ಯಾರ ಕೈಯಿಂದ ಉಳಿಯಿತು?

ರನ್ನನು ಕ್ರಿ. ಶ. ೯೪೯ರಲ್ಲಿ ಮುದುವೊಳಲು ಎಂಬ ಊರಿನಲ್ಲಿ ಹುಟ್ಟಿದನು. ಆ ಮುದುವೊಳಲೇ ಇಂದಿನ ಮುಧೋಳ. ಅದು ಬೆಳುಗಲಿ ಐನೂರು ಎಂಬ ನಾಡಿನೊಳಗಣ ಜಂಬುಖಂಡಿ ಎಪ್ಪತ್ತು ಎಂಬ ಭಾಗಕ್ಕೆ ಸೇರಿತ್ತು. ಜಂಬುಖಂಡಿಯೆಂದರೆ ನಮ್ಮ ಜಮಖಂಡಿ. ಬೆಳುಗಲಿಯ ಹೆಸರು ಬೆಳಗಲಿಯೆಂದು ಇಂದಿಗೂ ನಿಂತಿದೆ, ಮತ್ತು ಆ ಊರಿನವರು ಕವಿಯ ಹೆಸರನ್ನು ತಮ್ಮ ಊರಿನ ಹೆಸರಿಗೆ ಮೊದಲು ಸೇರಿಸಿ ರನ್ನಬೆಳಗಲಿಯೆಂದು ಕರೆದುಕೊಳ್ಳುತ್ತಾರೆ. ಹೀಗೆ ನಮ್ಮ ಊರಿನ ಜನರು ಸಂತೆಗೆಂದೂ ಬೀಗರ ಮನೆಗೆಂದೂ ದಿನಾಲು ಹೋಗಿಬರುವ ಊರುಗಳೇ ಅವನ ಬಾಲ್ಯದ ಊರುಗಳಾಗಿದ್ದುವು. ಘಟಪ್ರಭೆಯ ನೀರು ಅವನು ಕುಡಿದ ನೀರು. ತಂದೆಯ ಹೆಸರು ಜಿನವಲ್ಲಭ, ತಾಯಿಯ ಹೆಸರು ಅಬ್ಬಲಬ್ಬೆ. ಅವರು ಜೈನಧರ್ಮದವರು, ಅವರ ಮನೆಯ ಕಸುಬು ಬಳೆಯ ವ್ಯಾಪಾರ.

ಬಳೆಗಾರನ ಬದುಕು ಎಂಥದೆಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ವಿವರಿಸಿ ಹೇಳಬೇಕಾದುದಿಲ್ಲ. ಬಳೆಯ ಮಲಾರವನ್ನು ಹೆಗಲಿಗೇರಿಸಿ ಊರಿಂದೂರಿಗೆ ನಡೆಯಬೇಕು. ಪ್ರತಿ ಮನೆಯ ಕಟ್ಟೆಯ ಮೇಲೆ ಕುಳಿತು ಕೈಯ ಅಳತೆಯನ್ನು ಕಣ್ಣಿನಿಂದಲೇ ತಿಳಿಯಬೇಕು. ಒಂದು ಬಳೆಯೂ ಒಡೆಯದಂತೆ, ಒಂದು ಕೈಯೂ ನೋಯದಂತೆ ತೊಡಿಸಬೇಕು. ಇದು ಮರ್ಯಾದೆಯ ಕಸುಬು, ಜಾಣತನದ ಕಸುಬು. ಆದರೂ ವ್ಯಾಕರಣ, ಛಂದಸ್ಸು, ಅಲಂಕಾರಶಾಸ್ತ್ರ ಇವುಗಳಿಗೂ ಈ ಕಸುಬಿಗೂ ಆ ಕಾಲದಲ್ಲಿ ಬಹಳ ದೂರವಿತ್ತು. ಕಾವ್ಯವನ್ನು ಓದುವವರೂ ಬರೆಯುವವರೂ ಹೆಚ್ಚಾಗಿ ರಾಜರ, ಮಂತ್ರಿಗಳ, ಪಂಡಿತರ ಮನೆಗಳವರಾಗಿದ್ದರು. ಹೀಗಿರಲಾಗಿ ರನ್ನನು ತನ್ನ ಕುಲದ ಕಸುಬನ್ನು ಮುಚ್ಚಿಡಲಿಲ್ಲವೆಂಬುದು ನೆನಪಿಡತಕ್ಕ ವಿಷಯ. ದೊಡ್ಡ ಹೆಸರು ಬಂದ ಮೇಲೆ ಬರೆದ ಕಾವ್ಯದಲ್ಲಿಯೂ ತಾನು ಬಳೆಗಾರರ ಕುಲದವನೆಂದು ತಾನೇ ಹೇಳಿಕೊಂಡಿದ್ದಾನೆ. ಹುಟ್ಟಿದ ಊರನ್ನೂ ಹೆತ್ತವರನ್ನೂ ಹೆಸರಿಸಿದ್ದಾನೆ. ಅವನ ಚರಿತ್ರೆಯು ಇಷ್ಟು ಸ್ಪಷ್ಟವಾಗಿ ನಮಗೆ ತಿಳಿದಿರುವುದಕ್ಕೆ ಇದೇ ಕಾರಣವು.

ವಿದ್ಯೆಯ ಆಶೆಯು ಅವನನ್ನು ಮನೆಯಿಂದ ಹೊರಡಿಸಿತು. ಅವನು ದಕ್ಷಿಣಕ್ಕೆ, ಗಂಗರ ರಾಜ್ಯಕ್ಕೆ ಹೋದನು. ಮುಧೋಳದಿಂದ ಶ್ರವಣಬೆಳಗೊಳದ ಸೀಮೆಗೆ ರೈಲು, ಮೋಟಾರುಗಳಿದ್ದರೂ ಇಂದು ಒಂದು ದಿನದ ಪ್ರಯಾಣ. ಆಗ ಅದು ಎಷ್ಟೋ ಹೊಳೆಗಳನ್ನು ದಾಟಿ ಹೋಗಬೇಕಾದ ದೂರದೇಶ. ಅಲ್ಲಿ ಗಂಗರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಅವನಿಗೆ ಆಶ್ರಯವಿತ್ತನು, ಅಜಿತಸೇನಾಚಾರ್ಯರು ಗುರುಗಳಾದರು. ಶ್ರವಣಬೆಳಗೊಳದ ದೊಡ್ಡ ಬೆಟ್ಟದ ಮೇಲೆ ಸುಮಾರು ೫೮ ಅಡಿ ಎತ್ತರದ ಗೊಮ್ಮಟೇಶ್ವರನ ಮೂರ್ತಿಯನ್ನು ೯೮೧ನೆಯ ವರ್ಷದ ಸುಮಾರಿಗೆ ಕಡೆಯಿಸಿದವನು ಈ ಚಾವುಂಡರಾಯನೇ. ಅವನು ದಾನಿ ಮಾತ್ರವಲ್ಲ, ಸ್ವತಃ ಗ್ರಂಥಕರ್ತನು. ೯೭೮ರಲ್ಲಿ ಅವನು ಬರೆದ ಚಾವುಂಡರಾಯ ಪುರಾಣವು ಹಳಗನ್ನಡದ ಗದ್ಯಗ್ರಂಥಗಳಲ್ಲಿ ಮುಖ್ಯವಾದುದು. ಅಂಥ ಮನೆಯಲ್ಲಿ ಬಡ ವಿದ್ಯಾರ್ಥಿಗೆ ಊಟಕ್ಕಿಂತ ದೊಡ್ಡದೊಂದು ದೊರೆಯಿತು. ಅದೇನೆಂದರೆ ಓಲೆಯ ಗ್ರಂಥಗಳು ಮತ್ತು ಅವುಗಳನ್ನು ಬಿಡಿಸಿ ಹೇಳುವ ಗುರುಗಳು. ಶ್ರವಣಬೆಳಗೊಳದ ಚಿಕ್ಕ ಬೆಟ್ಟದ ಬಂಡೆಯಲ್ಲಿ ಕವಿರತ್ನ ಎಂದು ಕೊರೆದ ಅಕ್ಷರಗಳಿವೆ. ಅವು ನಮ್ಮ ರನ್ನನ ಹೆಸರೇ ಎಂದು ವಿದ್ವಾಂಸರು ಎಣಿಸುತ್ತಾರೆ.

ಅವನು ಅಲ್ಲಿ ಕಲಿತದ್ದೇನು? ಕನ್ನಡದಲ್ಲಿ ಆಗಲೇ ಕಾವ್ಯದ ನಾನಾ ರೂಪಗಳಿದ್ದುವು. ಅವನಿಗಿಂತ ನೂರು ವರ್ಷ ಹಿಂದಿನ ಕವಿರಾಜಮಾರ್ಗವೆಂಬ ಲಕ್ಷಣಗ್ರಂಥವು ಚತ್ತಾಣ, ಬೆದಂಡೆ, ಗದ್ಯಕಥೆ ಎಂಬ ಹಳೆಯ ರೂಪಗಳನ್ನು ಹೆಸರಿಸುತ್ತದೆ. ರನ್ನನ ಕಾಲಕ್ಕೆ ಬಹಳ ಮಾನ್ಯವಾಗಿದ್ದ ರೂಪವು ಚಂಪೂ. ಗದ್ಯವೂ ಪದ್ಯವೂ ಬೆರೆತ ಕಾವ್ಯಕ್ಕೆ ಚಂಪೂ ಎಂದು ಹೆಸರು. ಕಥೆಯು ನಡೆಯುವಲ್ಲಿ ಗದ್ಯ. ಭಾವವು ಏರುವಲ್ಲಿ, ಯಾರಾದರೂ ಕೋಪದಿಂದಲೋ ದುಃಖದಿಂದಲೋ ಮಾತಾಡುವಲ್ಲಿ, ಯುದ್ಧವನ್ನೋ ಸೂರ್ಯೋದಯವನ್ನೋ ವರ್ಣಿಸುವಲ್ಲಿ ಪದ್ಯ. ಆ ಪದ್ಯಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಸಂಸ್ಕೃತದಿಂದ ಬಂದ ಅಕ್ಷರವೃತ್ತಗಳು. ಇವುಗಳಲ್ಲಿ ಲಘು ಗುರುಗಳ ಕ್ರಮವು ಪಾದ ಪಾದಕ್ಕೂ ಒಂದೇ ಆಗಿರಬೇಕು. ಉತ್ಪಲಮಾಲೆಯ ಪಾದಕ್ಕೆ ೨೦ ಅಕ್ಷರ, ಚಂಪಕಮಾಲೆಗೆ ೨೧, ಶಾರ್ದೂಲವಿಕ್ರೀಡಿತಕ್ಕೆ ೧೯, ಮತ್ತೇಭವಿಕ್ರೀಡಿತಕ್ಕೆ ೨೦, ಸ್ರಗ್ಧರೆಗೆ ೨೧, ಮಹಾಸ್ರಗ್ಧರೆಗೆ ೨೨. ಕನ್ನಡ ಕವಿಗಳು ಇವನ್ನು ಬಹಳವಾಗಿ ಬಳಸಿದ್ದರಿಂದ ಈ ಆರಕ್ಕೂ ಖ್ಯಾತ ಕರ್ಣಾಟಕಗಳೆಂದು ಹೆಸರಾಯಿತು. ಇನ್ನೊಂದು ಜಾತಿಯು ಮಾತ್ರೆಗಳನ್ನು ಎಣಿಸುವ ಕಂದಪದ್ಯ.

ಕಂದಪದ್ಯದ ನಿಯಮವು ಮೊದಲು ಕೇಳುವವರಿಗೆ ಕಠಿಣವಾಗಿ ತೋರುತ್ತದೆ. ಆದರೆ ನಮ್ಮ ತರಗತಿಗಳಲ್ಲಿ ನಾವು ಅದನ್ನು ಊರುಗಳ ಹೆಸರಿನಿಂದ ಕಲಿಸುತ್ತೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆ ಸೇರಿದರೆ ಕಂದದ ಒಂದು ಗಣ. ಮೊದಲನೆಯ ಮೂರನೆಯ ಪಾದಗಳಲ್ಲಿ ಮೂರು ಮೂರು ಗಣ. ಎರಡನೆಯ ನಾಲ್ಕನೆಯ ಪಾದಗಳಲ್ಲಿ ಐದೈದು ಗಣ. ಹೀಗೆ ಒಟ್ಟು ೧೬ ಗಣ, ೬೪ ಮಾತ್ರೆ. ಪ್ರತಿ ಪಾದದ ಎರಡನೆಯ ಅಕ್ಷರವು ಒಂದೇ ವ್ಯಂಜನವಾಗಿರಬೇಕು, ಅದಕ್ಕೆ ಪ್ರಾಸವೆನ್ನುತ್ತಾರೆ. ಇನ್ನು ಮುಧೋಳ ಎಂಬ ಹೆಸರನ್ನು ನೋಡಿರಿ. ಅದು ಲಘು, ಗುರು, ಲಘು, ನಾಲ್ಕು ಮಾತ್ರೆ. ನಡುವೆ ಗುರುವುಳ್ಳ ಈ ಗಣಕ್ಕೆ ಜಗಣವೆಂದು ಹೆಸರು. ಬೆಳಗಲಿ ಎಂಬುದು ನಾಲ್ಕೂ ಲಘು. ಅದೂ ನಾಲ್ಕು ಮಾತ್ರೆ. ಕಂದದ ಪ್ರತಿ ಅರ್ಧದಲ್ಲಿ ಎಂಟು ಗಣಗಳಿರುತ್ತವಷ್ಟೆ. ಅವುಗಳಲ್ಲಿ ಒಂದು, ಮೂರು, ಐದು, ಏಳನೆಯ ಸ್ಥಾನಗಳಲ್ಲಿ ಜಗಣವು ಬರಕೂಡದು. ಆದರೆ ಆರನೆಯ ಸ್ಥಾನದಲ್ಲಿ ಜಗಣವಾಗಲಿ ನಾಲ್ಕು ಲಘುಗಳ ಗಣವಾಗಲಿ ಇದ್ದೇ ತೀರಬೇಕು. ಎಂದರೆ ಆರನೆಯ ಮನೆಯೊಳಗೆ ಮುಧೋಳಕ್ಕೂ ಬೆಳಗಲಿಗೂ ಪ್ರವೇಶವುಂಟು, ಬೇರೆಯವರಿಗಿಲ್ಲ! ಮಹಾಲಿಂಗಪುರ ಎಂಬ ನಮ್ಮ ಊರಿನ ಹೆಸರಿಗೆ ಎಂಟು ಮಾತ್ರೆಗಳಿದ್ದರೂ, ನಾಲ್ಕನೆಯ ಮಾತ್ರೆಯು ಒಂದು ಗುರುವಿನ ನಟ್ಟನಡುವೆ ಬೀಳುವುದರಿಂದ ಅದನ್ನು ಎರಡು ಗಣಗಳಾಗಿ ಒಡೆಯಲು ಬರುವುದಿಲ್ಲ. ಹುಡುಗಿಯರು ಇದನ್ನು ಕೈತಟ್ಟಿ ಎಣಿಸಿ ನೋಡಿ ನಗುತ್ತಾರೆ. ನಕ್ಕ ಮೇಲೆ ಮರೆಯುವುದಿಲ್ಲ.

ಈ ನಿಯಮಗಳನ್ನು ಕನ್ನಡದಲ್ಲಿ ಬರೆದಿಟ್ಟವನು ನಾಗವರ್ಮನು. ಅವನು ರನ್ನನ ಸಮಕಾಲೀನನು. ಅವನ ಛಂದೋಂಬುಧಿಯೆಂಬ ಗ್ರಂಥದಲ್ಲಿ ನಮ್ಮ ವಿದ್ಯಾರ್ಥಿನಿಯರಿಗೆ ಸಂತೋಷಕರವಾದ ಒಂದು ಸಂಗತಿಯಿದೆ. ನಾಗವರ್ಮನು ಛಂದಸ್ಸಿನ ಲಕ್ಷಣಗಳನ್ನು ಹೇಳುತ್ತ ಹೋಗುವುದು ತನ್ನ ಹೆಂಡತಿಯನ್ನು ಸಂಬೋಧಿಸಿ. ಸಾವಿರ ವರ್ಷಗಳ ಹಿಂದೆ ಕನ್ನಡದ ಮೊದಲ ಛಂದಶ್ಶಾಸ್ತ್ರದ ಪಾಠವನ್ನು ಕೇಳುತ್ತ ಕುಳಿತವಳು ಒಬ್ಬ ಹೆಂಗಸು. ಈ ಗ್ರಂಥವನ್ನು ಓಲೆಪ್ರತಿಗಳಿಂದ ಶೋಧಿಸಿ ೧೮೭೫ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದವರು ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಸಾಹೇಬರು. ಕನ್ನಡ ಇಂಗ್ಲೀಷ್ ನಿಘಂಟನ್ನು ೧೮೯೪ರಲ್ಲಿ ಪ್ರಕಟಿಸಿದ ಆ ಜರ್ಮನ್ ಮಿಶನರಿಯ ಹೆಸರನ್ನು ನಮ್ಮವರೆಲ್ಲರೂ ಬಲ್ಲರು. ಅವರು ಮೊದಲು ನಿಘಂಟಿಗಾಗಿ ಹಳೆಯ ಕಾವ್ಯಗಳನ್ನು ಓದಬೇಕಾಯಿತು. ಕಾವ್ಯಗಳಿಗಾಗಿ ಕಂದವನ್ನೂ ವೃತ್ತವನ್ನೂ ಎಣಿಸಲು ಕಲಿಯಬೇಕಾಯಿತು. ಪರದೇಶದವರು ಕಲಿತದ್ದನ್ನು ನಾವು ಕಲಿಯಲಾರೆವೆಂದು ಹೇಳುವುದಕ್ಕೆ ನೆವವಿಲ್ಲ.

ಇಂಗ್ಲೀಷ್ ಪದ್ಯಗಳನ್ನು ಓದುವ ಮೇಲಿನ ತರಗತಿಗಳವರಿಗೆ ಇಲ್ಲಿ ಒಂದು ಭೇದವನ್ನು ತಿಳಿಸುವುದು ಅವಶ್ಯ. ಇಂಗ್ಲೀಷಿನ ಪದ್ಯವು ಧ್ವನಿಯ ಒತ್ತನ್ನು ಎಣಿಸುತ್ತದೆ. ಷೇಕ್ಸ್‌ಪಿಯರನ ನಾಟಕದ ಸಾಲಿನಲ್ಲಿ ಸಾಮಾನ್ಯವಾಗಿ ಹತ್ತು ಸ್ವರಘಟಕಗಳಿದ್ದು ಒಂದು ಬಿಟ್ಟೊಂದರ ಮೇಲೆ ಒತ್ತು ಬೀಳುತ್ತದೆ. ಸಾನೆಟ್ಟೆಂಬ ರೂಪಕ್ಕೆ ಅಂಥ ೧೪ ಸಾಲು. ಕನ್ನಡದ ಕಂದವಾದರೋ ಉಚ್ಚಾರಕ್ಕೆ ಹಿಡಿಯುವ ಕಾಲವನ್ನು ಎಣಿಸುತ್ತದೆ. ಆದಕಾರಣ ಇಂಗ್ಲೀಷ್ ಪದ್ಯವನ್ನು ಓದುವಾಗ ಎಲ್ಲಿ ಒತ್ತಬೇಕೆಂದು ಕಲಿಸಬೇಕು; ಕಂದವನ್ನು ಓದುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕೆಂದು ಕಲಿಸಬೇಕು. ಗದ್ಯಪದ್ಯಗಳನ್ನು ಬೆರೆಸುವ ರೂಪವು ಮಾತ್ರ ನಮ್ಮ ಭಾಷೆಗಳಿಗೇ ಮೀಸಲಲ್ಲ. ರೋಮಿನ ಬೊಯಿಥಿಯಸನು ಸುಮಾರು ೫೨೪ರಲ್ಲಿ ಸೆರೆಮನೆಯಲ್ಲಿದ್ದು ಬರೆದ ತತ್ತ್ವಗ್ರಂಥವು ಹಾಗೆಯೇ ಗದ್ಯಪದ್ಯಮಯವಾಗಿದೆ. ರನ್ನನ ಕಾಲದಲ್ಲಿಯೇ ಜಪಾನಿನಲ್ಲಿ ಮುರಸಾಕಿ ಶಿಕಿಬು ಎಂಬ ಸ್ತ್ರೀಯು ಬರೆದ ಗೆಂಜಿಯ ಕಥೆಯಲ್ಲಿ ಗದ್ಯದ ನಡುವೆ ಸುಮಾರು ೮೦೦ ಪುಟ್ಟ ಪದ್ಯಗಳು ಬರುತ್ತವೆ. ಒಬ್ಬರ ಹೆಸರನ್ನೊಬ್ಬರು ಕೇಳದ ದೇಶಗಳಲ್ಲಿಯೂ, ಕಥೆಗೆ ಒಂದು ನಡೆ, ಭಾವಕ್ಕೆ ಇನ್ನೊಂದು ನಡೆ ಬೇಕೆಂದು ಬರೆಯುವವರಿಗೆ ತೋರಿತು.

ಇತ್ತ ಉತ್ತರದಲ್ಲಿ ರಾಜ್ಯಗಳು ಬದಲಾಗುತ್ತಿದ್ದುವು. ಮಾನ್ಯಖೇಟದ ರಾಷ್ಟ್ರಕೂಟರ ಪ್ರಭುತ್ವವನ್ನು ೯೭೩ರಲ್ಲಿ ಚಾಲುಕ್ಯ ವಂಶದ ತೈಲಪನು ಕೊನೆಗಾಣಿಸಿದನು. ವಿದ್ಯಾವಂತನಾದ ರನ್ನನು ತನ್ನ ನಾಡಿನ ಕಡೆಗೆ ತಿರುಗಿ ಬಂದು ಈ ಹೊಸ ದೊರೆಯ ಆಸ್ಥಾನವನ್ನು ಸೇರಿದನು. ತೈಲಪನು ಅವನಿಗೆ ಕವಿಚಕ್ರವರ್ತಿಯೆಂಬ ಬಿರುದನ್ನು ಕೊಟ್ಟನು. ತೈಲಪನ ತರುವಾಯ ೯೯೭ರಲ್ಲಿ ಪಟ್ಟಕ್ಕೆ ಬಂದ ಅವನ ಮಗ ಇರಿವಬೆಡಂಗ ಸತ್ಯಾಶ್ರಯನೂ ರನ್ನನ ಪೋಷಕನಾದನು. ಬಳೆಗಾರನ ಮಗನು ಈಗ ಚಕ್ರವರ್ತಿಗಳ ಸಭೆಯಲ್ಲಿ ಕುಳಿತನು. ಅವನಲ್ಲಿ ತನ್ನ ಶಕ್ತಿಯ ಮೇಲೆ ಭರವಸೆ ಬಹಳವಿತ್ತು, ಅದನ್ನು ಅವನು ಸಂಕೋಚವಿಲ್ಲದೆ ತನ್ನ ಕಾವ್ಯಗಳಲ್ಲಿ ಹೇಳಿಕೊಂಡಿದ್ದಾನೆ. ವಿನಯವೇ ವಿದ್ಯೆಗೆ ಭೂಷಣವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ, ನಿಜ. ಆದರೂ ಯಾರೂ ತನಗಾಗಿ ಸ್ಥಳವನ್ನು ಕಾದಿಡದ ಸಭೆಗೆ ಸ್ವಂತ ದುಡಿಮೆಯಿಂದ ಬಂದವನು ತನ್ನ ದುಡಿಮೆಯ ಬೆಲೆಯನ್ನು ತಾನೇ ಹೇಳಿಕೊಂಡರೆ ಅವನನ್ನು ಬೇಗನೆ ನಿಂದಿಸಬಾರದು.

ರಾಜರಿಗಿಂತಲೂ ಹೆಚ್ಚಾಗಿ ಅವನಿಗೆ ಉಪಕಾರ ಮಾಡಿದವಳು ಒಬ್ಬ ಸ್ತ್ರೀ. ಅವಳ ಹೆಸರು ಅತ್ತಿಮಬ್ಬೆ. ಅವಳು ಮಲ್ಲಪನೆಂಬ ವೀರನ ಮಗಳು. ತೈಲಪನ ಮಂತ್ರಿಯ ಮಗನಾದ ನಾಗದೇವನಿಗೆ ಅವಳನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ವಿವಾಹವಾಗಿತ್ತು. ನಾಗದೇವನು ಮರಣಹೊಂದಿದಾಗ ಗುಂಡಮಬ್ಬೆಯು ಆ ಕಾಲದ ಪದ್ಧತಿಯಂತೆ ಗಂಡನ ಸಂಗಡ ಬೆಂಕಿಯನ್ನು ಹೊಕ್ಕಳು. ಅತ್ತಿಮಬ್ಬೆಯು ಹಾಗೆ ಮಾಡದೆ ಚಿಕ್ಕ ಮಗನನ್ನು ಸಾಕುವುದಕ್ಕಾಗಿ ಬದುಕನ್ನು ಆರಿಸಿಕೊಂಡಳು. ಆ ಬದುಕಿನಿಂದ ಎಷ್ಟು ಫಲವಾಯಿತೆಂಬುದನ್ನು ಕೇಳಿರಿ. ಅವಳು ಬಸದಿಗಳನ್ನು ಕಟ್ಟಿಸಿದಳು; ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯೂ ೧೦೦೭ರ ಶಾಸನವೂ ಇಂದಿಗೂ ಇವೆ. ಕೊಡುಗೈಯ ನಿಮಿತ್ತ ಜನರು ಅವಳನ್ನು ದಾನಚಿಂತಾಮಣಿಯೆಂದರು. ಇದೆಲ್ಲಕ್ಕಿಂತ ವಿಶೇಷವಾದುದು ಅವಳ ಗ್ರಂಥದಾನ. ಅವಳ ತಂದೆಯೂ ಚಿಕ್ಕಪ್ಪನೂ ಪೊನ್ನಕವಿಯಿಂದ ಶಾಂತಿಪುರಾಣವೆಂಬ ಕಾವ್ಯವನ್ನು ಬರೆಯಿಸಿದ್ದರು. ಅದು ಅಳಿದುಹೋಗಬಾರದೆಂದು ಅತ್ತಿಮಬ್ಬೆಯು ಅದರ ೧೦೦೦ ಪ್ರತಿಗಳನ್ನು ಮಾಡಿಸಿ ಹಂಚಿದಳು.

ಸಾವಿರ ಪ್ರತಿಗಳೆಂದರೆ ಅಚ್ಚಿನ ಯಂತ್ರವುಳ್ಳ ನಮಗೆ ಸಣ್ಣ ಮಾತು. ನಮ್ಮ ಈ ಸಂಚಿಕೆಯನ್ನು ಅಚ್ಚಿಗೆ ಕೊಟ್ಟರೆ ಕೆಲವು ದಿನಗಳಲ್ಲಿ ಸಿದ್ಧವಾಗುತ್ತದೆ. ಆದರೆ ಯುರೋಪದಲ್ಲಿ ಗುಟೆನ್‌ಬರ್ಗನು ಅಚ್ಚಿನ ಮೊಳೆಗಳಿಂದ ಪುಸ್ತಕ ಮುದ್ರಿಸಿದ್ದೇ ಸುಮಾರು ೧೪೫೦ರಲ್ಲಿ, ಅತ್ತಿಮಬ್ಬೆಗೆ ನಾಲ್ಕೂವರೆ ಶತಮಾನಗಳ ಮೇಲೆ. ಅವಳ ಕಾಲದಲ್ಲಿ ತಾಳೆಯ ಗರಿಗಳನ್ನು ಆರಿಸಿ, ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಠದಿಂದ ಒಂದೊಂದು ಅಕ್ಷರವನ್ನೂ ಕೊರೆಯಬೇಕು. ಕೊರೆದ ಗೀರುಗಳಿಗೆ ಮಸಿಯನ್ನು ಸವರಬೇಕು. ತೂತುಗಳಲ್ಲಿ ದಾರವನ್ನು ಪೋಣಿಸಿ ಎರಡು ಮರದ ಹಲಿಗೆಗಳ ನಡುವೆ ಕಟ್ಟಬೇಕು. ಒತ್ತಿ ಕೊರೆದರೆ ಗರಿ ಸೀಳುತ್ತದೆ, ಹಗುರಾಗಿ ಕೊರೆದರೆ ಅಕ್ಷರ ಕಾಣುವುದಿಲ್ಲ. ಇಂಥ ಕೆಲಸವನ್ನು ಒಂದು ಇಡೀ ಚಂಪೂಕಾವ್ಯಕ್ಕೆ ಸಾವಿರ ಸಲ ಮಾಡಿಸಿದವಳು ಅತ್ತಿಮಬ್ಬೆ. ಎಷ್ಟು ಮಂದಿ ಲಿಪಿಕಾರರಿಗೆ ಎಷ್ಟು ಕಾಲ ಅನ್ನವಿಕ್ಕಿರಬೇಕೆಂಬುದನ್ನು ವಾಚಕರೇ ಊಹಿಸಲಿ.

ಇಂಥ ಅತ್ತಿಮಬ್ಬೆಯ ಪ್ರೇರಣೆಯಿಂದ ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ಬರೆದನು. ಎರಡನೆಯ ತೀರ್ಥಂಕರನಾದ ಅಜಿತನ ಚರಿತ್ರೆಯೂ ಸಗರ ಚಕ್ರವರ್ತಿಯ ಕಥೆಯೂ ಸೇರಿ ಹನ್ನೆರಡು ಆಶ್ವಾಸಗಳ ಚಂಪೂಕಾವ್ಯವದು. ಪುರಾಣವೆಂಬ ರೂಪದಲ್ಲಿ ಧರ್ಮಬೋಧೆಯು ಮುಖ್ಯ. ಕಥಾನಾಯಕನ ಹಿಂದಿನ ಜನ್ಮಗಳಿಂದ ಮೋಕ್ಷದ ವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಬೇಕು. ಅದೇ ಗ್ರಂಥದಲ್ಲಿ ಕವಿಯು ಅತ್ತಿಮಬ್ಬೆಯ ಗುಣಗಳನ್ನೂ ಅವಳ ಮನೆತನದ ವೃತ್ತಾಂತವನ್ನೂ ವಿಸ್ತಾರವಾಗಿ ಹೇಳಿದ್ದಾನೆ. ಅವಳ ವಿಷಯದಲ್ಲಿ ನಮಗೆ ಇಷ್ಟೊಂದು ತಿಳಿದಿರುವುದಕ್ಕೆ ರನ್ನನೇ ಮುಖ್ಯ ಆಧಾರವು. ಹೀಗೆ ದಾನಿಯು ಕವಿಯನ್ನು ಬರೆಯಿಸಿದಳು, ಕವಿಯು ದಾನಿಯನ್ನು ಉಳಿಸಿದನು.

ರನ್ನನ ಇನ್ನೊಂದು ಕಾವ್ಯವು ಸಾಹಸಭೀಮವಿಜಯ. ಜನರು ಅದನ್ನು ಗದಾಯುದ್ಧವೆಂದೇ ಕರೆಯುತ್ತಾರೆ. ಅದು ಹತ್ತು ಆಶ್ವಾಸಗಳ ಚಂಪೂ. ಪಂಪನ ಭಾರತದಲ್ಲಿ ಕೊನೆಯ ಭಾಗಕ್ಕೆ ಬರುವ ಭೀಮ ದುರ್ಯೋಧನರ ಯುದ್ಧವನ್ನು ಮಾತ್ರ ಆರಿಸಿಕೊಂಡು ರನ್ನನು ಸ್ವತಂತ್ರ ಕಾವ್ಯವನ್ನಾಗಿ ಬೆಳೆಸಿದನು. ತನ್ನ ಪೋಷಕನಾದ ಸತ್ಯಾಶ್ರಯನನ್ನೇ ಭೀಮನೊಡನೆ ಒಂದಾಗಿಸಿ ವರ್ಣಿಸಿದನು. ಹೋಮರನ ಇಲಿಯಡ್ ಕಾವ್ಯವು ಹತ್ತು ವರ್ಷದ ಯುದ್ಧದಲ್ಲಿ ಕೊನೆಯ ವರ್ಷದ ಕೆಲವು ವಾರಗಳನ್ನು ಮಾತ್ರ ಹಿಡಿದುಕೊಂಡಿರುವುದನ್ನು ನಮ್ಮ ಇಂಗ್ಲೀಷ್ ವರ್ಗದವರು ಕೇಳಿದ್ದಾರೆ. ರನ್ನನು ಇನ್ನೂ ಇಕ್ಕಟ್ಟಾದ ಸ್ಥಳವನ್ನು ಆರಿಸಿದನು. ಹದಿನೆಂಟು ದಿನದ ಯುದ್ಧದ ಕಡೆಯ ದಿನವದು. ಹಾಗಾದರೆ ಹಿಂದಿನ ಕಥೆಯ ಗತಿಯೇನು? ಅದಕ್ಕೆ ಅವನು ಹಿಡಿದ ದಾರಿಯು ಸಿಂಹಾವಲೋಕನ ಕ್ರಮ. ನಡೆಯುವ ಸಿಂಹವು ನಿಂತು ಹಿಂದಿರುಗಿ ನೋಡುವಂತೆ, ಕಥೆಯು ಮುಂದೆ ಸಾಗುತ್ತಲೇ ಪಾತ್ರಗಳ ಮಾತಿನಲ್ಲಿ ಜೂಜು, ದ್ರೌಪದಿಯ ಅವಮಾನ, ವನವಾಸ, ವೀರರ ಮರಣಗಳು ಎಲ್ಲವೂ ಸಮಯಕ್ಕೆ ತಕ್ಕಂತೆ ನೆನಪಾಗಿ ಬರುತ್ತವೆ.

ಈ ಕಾವ್ಯದ ಹಿರಿಮೆಯು ದುರ್ಯೋಧನನ ಚಿತ್ರದಲ್ಲಿದೆ. ಎಲ್ಲರನ್ನೂ ಕಳೆದುಕೊಂಡ ಆ ಅರಸನು ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ಕಾಲ್ನಡೆಯಾಗಿ ಭೀಷ್ಮನನ್ನು ಕಾಣಹೋಗುತ್ತಾನೆ. ದಾರಿಯಲ್ಲಿ ಗುರುವಾದ ದ್ರೋಣನು, ತಮ್ಮನಾದ ದುಶ್ಶಾಸನನು, ಪ್ರಾಣಮಿತ್ರನಾದ ಕರ್ಣನು ಬಿದ್ದಿರುವುದನ್ನು ಕಂಡು ಒಬ್ಬೊಬ್ಬರಿಗಾಗಿಯೂ ಮರುಗುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡಾಗ ಅವನ ಶೌರ್ಯವನ್ನು ಮನಸಾರೆ ಹೊಗಳುತ್ತಾನೆ. ಸಂಧಿ ಮಾಡಿಕೊಳ್ಳೆಂದು ಭೀಷ್ಮನು ಹೇಳಿದರೂ ಕೇಳುವುದಿಲ್ಲ. ವೈಶಂಪಾಯನ ಸರೋವರದಲ್ಲಿ ಅಡಗಿದವನು ಭೀಮನ ಮೂದಲೆಯ ಮಾತುಗಳನ್ನು ಸಹಿಸಲಾರದೆ ಹೊರಬಿದ್ದು, ಯುದ್ಧದಲ್ಲಿ ತೊಡೆ ಮುರಿದು ಬೀಳುತ್ತಾನೆ. ಅವನು ತಪ್ಪು ಮಾಡಿದವನೆಂಬುದರಲ್ಲಿ ಕವಿಗೂ ಸಂಶಯವಿಲ್ಲ. ಭೀಮನೇ ಕಾವ್ಯದ ನಾಯಕನು. ಆದರೂ ದುಷ್ಟನ ಎದೆಯೊಳಗೆ ಪ್ರೀತಿಯೂ ಅಭಿಮಾನವೂ ಹೇಗಿದ್ದುವೆಂದು ತೋರಿಸಿ ಕವಿಯು ನಮ್ಮನ್ನು ಅವನಿಗಾಗಿ ದುಃಖಿಸುವಂತೆ ಮಾಡುತ್ತಾನೆ. ಗ್ರೀಕರು ಇಂಥ ಕಥೆಗಳನ್ನು ನಾಟಕವಾಗಿ ಆಡಿದರು. ರನ್ನನ ಕಾವ್ಯದಲ್ಲಿಯೂ ಕಂಚುಕಿ, ವಿದೂಷಕ ಮುಂತಾದ ನಾಟಕದ ಪಾತ್ರಗಳಿವೆ. ಅದರಲ್ಲಿ ಎದುರುಬದುರಾಗಿ ಆಡುವ ಮಾತೇ ಹೆಚ್ಚು. ಆದಕಾರಣ ಇದು ಕಾವ್ಯದ ಉಡುಪಿನಲ್ಲಿರುವ ನಾಟಕವೆಂದು ಅನೇಕರು ಹೇಳುತ್ತಾರೆ.

ಆ ಮಾತನ್ನು ಪ್ರತ್ಯಕ್ಷ ಮಾಡಿ ತೋರಿಸಿದವರು ಬಿ. ಎಂ. ಶ್ರೀಕಂಠಯ್ಯನವರು (೧೮೮೪-೧೯೪೬). ಅವರು ಮೈಸೂರಿನಲ್ಲಿ ಇಂಗ್ಲೀಷ್ ಪ್ರಾಧ್ಯಾಪಕರಾಗಿದ್ದರು. ಇಂಗ್ಲೀಷ್ ಕವನಗಳನ್ನು ಕನ್ನಡಕ್ಕೆ ತಂದು ಹೊಸ ಛಂದೋರೂಪಗಳಿಗೆ ದಾರಿ ತೆರೆದ ಅವರೇ ೧೯೨೬ರಲ್ಲಿ ರನ್ನನ ಕಾವ್ಯವನ್ನು ಗದಾಯುದ್ಧ ನಾಟಕವೆಂಬ ರುದ್ರನಾಟಕವನ್ನಾಗಿ ರೂಪಿಸಿದರು. ಇಂಗ್ಲೀಷ್ ವಿದ್ಯೆಯಿಂದ ಕನ್ನಡವು ಕೆಡುವುದೆಂದು ಹೇಳುವವರಿಗೂ, ಕನ್ನಡದಲ್ಲಿ ಓದತಕ್ಕದ್ದೇನಿದೆಯೆಂದು ಕೇಳುವವರಿಗೂ ಇದೊಂದೇ ಉದಾಹರಣೆ ಸಾಕು. ಷೇಕ್ಸ್‌ಪಿಯರನನ್ನೂ ಗ್ರೀಕರನ್ನೂ ಚೆನ್ನಾಗಿ ಓದಿದ ಕಣ್ಣು ಮುಧೋಳದ ಕವಿಯ ಓಲೆಗಳಲ್ಲಿ ನಾಟಕವನ್ನು ಕಂಡಿತು.

ಇನ್ನು ನಷ್ಟದ ವಿಷಯ. ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಇನ್ನೆರಡು ಕಾವ್ಯಗಳನ್ನು ರನ್ನನು ಬರೆದನೆಂದು ತಿಳಿದಿದೆ. ಹೆಸರುಗಳು ಮಾತ್ರ ಉಳಿದಿವೆ; ಕಾವ್ಯಗಳು ಸಿಕ್ಕಿಲ್ಲ. ರನ್ನಕಂದವೆಂಬ ನಿಘಂಟಿನಲ್ಲಿ ಕೆಲವೇ ಪದ್ಯಗಳು ದೊರೆತಿವೆ. ತಾಳೆಯ ಗರಿಯು ಗೆದ್ದಲಿಗೂ ತೇವಕ್ಕೂ ಬೆಂಕಿಗೂ ತುತ್ತಾಗುವಂಥದು. ಕೆಲವು ತಲೆಮಾರುಗಳಿಗೊಮ್ಮೆ ಯಾರಾದರೂ ಕುಳಿತು ಹೊಸ ಪ್ರತಿಯನ್ನು ಮಾಡದಿದ್ದರೆ ಎಂಥ ಮಹಾಕವಿಯ ಮಾತೂ ಮಣ್ಣಾಗುತ್ತದೆ. ಇಂಗ್ಲೆಂಡಿನಲ್ಲಿಯೂ ಹೀಗೆಯೇ. ಅಲ್ಲಿಯ ಅತಿ ಪ್ರಾಚೀನ ವೀರಕಾವ್ಯವಾದ ಬೇವುಲ್ಫ್ ನಮ್ಮ ರನ್ನನ ಕಾಲದ ಸುಮಾರಿಗೆ ಬರೆದಿಟ್ಟ ಒಂದೇ ಒಂದು ಹಸ್ತಪ್ರತಿಯಿಂದ ಬದುಕಿತು. ೧೭೩೧ರ ಬೆಂಕಿಯಲ್ಲಿ ಅದರ ಅಂಚುಗಳು ಸುಟ್ಟುಹೋಗಿ ಕಾವ್ಯವು ಕೂದಲೆಳೆಯಷ್ಟರಲ್ಲಿ ಉಳಿಯಿತು. ಪರಶುರಾಮಚರಿತಕ್ಕೆ ಒಬ್ಬ ಅತ್ತಿಮಬ್ಬೆಯು ದೊರೆತಿದ್ದರೆ ನಮ್ಮ ಮಕ್ಕಳು ಇಂದು ಅದನ್ನೂ ಓದುತ್ತಿದ್ದರು.

ರನ್ನನು ತನಗೆ ಮಾಡಿದ ಉಪಕಾರವನ್ನು ಮರೆಯುವವನಾಗಿರಲಿಲ್ಲ. ಅವನಿಗೆ ಜಕ್ಕಿ, ಶಾಂತಿ ಎಂಬ ಇಬ್ಬರು ಹೆಂಡಿರು. ಒಬ್ಬ ಮಗ, ಒಬ್ಬ ಮಗಳು. ಮಗನಿಗೆ ರಾಯನೆಂದು ಹೆಸರಿಟ್ಟನು, ಅದು ಚಾವುಂಡರಾಯನ ನೆನಪಿಗಾಗಿ. ಮಗಳಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನು. ಓದಿಸಿದವನ ಹೆಸರು ಮಗನಿಗೆ, ಬರೆಯಿಸಿದವಳ ಹೆಸರು ಮಗಳಿಗೆ. ಬಿರುದುಗಳನ್ನು ಕೊಟ್ಟ ದೊರೆಗಳ ಹೆಸರುಗಳನ್ನು ಕಾವ್ಯದಲ್ಲಿ ಇಟ್ಟ ಈ ಕವಿಯು, ದಿನಕ್ಕೆ ಹತ್ತು ಸಲ ಕೂಗುವ ಮನೆಯೊಳಗಿನ ಹೆಸರುಗಳನ್ನು ಮಾತ್ರ ಇವರಿಬ್ಬರಿಗೆ ಮೀಸಲಾಗಿಟ್ಟನು.

ಇಂದು ಮುಧೋಳದಲ್ಲಿ ರನ್ನ ವೈಭವವೆಂಬ ಉತ್ಸವವು ನಡೆಯುತ್ತದೆ. ಕರ್ನಾಟಕ ಸರಕಾರವು ಲೇಖಕಿಯರಿಗೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡುತ್ತದೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಉತ್ಸವದ ಮೆರವಣಿಗೆಗಿಂತ ಒಂದು ಕಂದವನ್ನು ತಪ್ಪಿಲ್ಲದೆ ಓದುವುದು ಕವಿಗೆ ಹೆಚ್ಚಿನ ಮರ್ಯಾದೆಯೆಂದು ನಾವು ಎಣಿಸುತ್ತೇವೆ. ನಮ್ಮ ಶಾಲೆಗೆ ನೇಯುವವರ ಮನೆಗಳಿಂದಲೂ, ಗಾಣದ ಮನೆಗಳಿಂದಲೂ, ಬೆಲ್ಲದ ಪೇಟೆಯಲ್ಲಿ ಮೂಟೆ ಹೊರುವವರ ಮನೆಗಳಿಂದಲೂ ಹುಡುಗಿಯರು ಬರುತ್ತಾರೆ. ಛಂದ, ವ್ಯಾಕರಣ, ಇಂಗ್ಲೀಷಿನ ಪದ್ಯ ಇವು ತಮ್ಮ ಮನೆಯವರಿಗಲ್ಲ, ಪಟ್ಟಣದ ದೊಡ್ಡವರ ಮಕ್ಕಳಿಗೆ ತಕ್ಕುವು ಎಂಬ ಅಂಜಿಕೆಯು ಅವರಲ್ಲಿ ಕೆಲವರಿಗುಂಟು. ಅವರ ತಾಯಿತಂದೆಗಳಿಗೂ ಉಂಟು. ಎಂಟನೆಯ ತರಗತಿ ಮುಗಿಯಿತೆಂದರೆ ಸಾಕೆನ್ನುವವರು ಇನ್ನೂ ಇದ್ದಾರೆ. ಅಂಥವರೆಲ್ಲರಿಗೂ ನಾವು ಈ ಚರಿತ್ರೆಯನ್ನು ಹೇಳುತ್ತೇವೆ. ರನ್ನನಿಗೆ ಹುಟ್ಟಿನಿಂದ ದೊರೆತದ್ದು ಬಳೆಯ ಮಲಾರ. ಕಂದವೂ ವೃತ್ತವೂ ಅವನಿಗೆ ಕಲಿತದ್ದರಿಂದ ದೊರೆತುವು, ಅದೂ ಕಲಿಸುವವರು ದೊರೆತದ್ದರಿಂದ.

ಆದಕಾರಣ ಮುಂದಿನ ವರ್ಷದಿಂದ ಮೇಲಿನ ತರಗತಿಗಳ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ವಾರಕ್ಕೊಂದು ಹಳಗನ್ನಡ ಪದ್ಯವನ್ನು ತನ್ನ ಕೈಯಿಂದ ಅಂದವಾಗಿ ಪ್ರತಿಮಾಡಿ, ಗಣಗಳನ್ನು ವಿಂಗಡಿಸಿ, ಕೆಳಗಿನ ತರಗತಿಯ ಒಬ್ಬ ಹುಡುಗಿಗೆ ಓದಿ ತಿಳಿಸತಕ್ಕದ್ದೆಂದು ನಾವು ಗೊತ್ತುಮಾಡಿದ್ದೇವೆ. ಹೆತ್ತವರು ಇದಕ್ಕಾಗಿ ಮಗಳಿಗೆ ವಾರದಲ್ಲಿ ಅರ್ಧ ತಾಸಿನ ಬಿಡುವನ್ನೂ ಒಂದು ನೂರು ಪುಟದ ವಹಿಯನ್ನೂ ಕೊಡಬೇಕೆಂದು ವಿನಯಪೂರ್ವಕವಾಗಿ ಬೇಡುತ್ತೇವೆ. ಮೊದಲನೆಯ ವಾರಕ್ಕೆ ಗದಾಯುದ್ಧದ ಒಂದು ಕಂದವನ್ನು ಆರಿಸಿದ್ದೇವೆ.